ಸಮುದ್ರಕ್ಕೆ ಕೊಟ್ಟ ಕಾಯಿ

ಸೆಳೆತ ಎಳೆದುಕೊಂಡು ಹೋಗಬಹುದಿತ್ತು. ಮೀನಖಂಡ ಹಿಡಿದುಕೊಂಡು ನಡುನೀರಿನಲ್ಲಿ ಕಾಲು ಆಡದೆ ನಿಂತುಬಿಡಬಹುದಿತ್ತು. ಸೊಂಟದಷ್ಟೇ ನೀರು ಎಂದು ನಂಬಿ ಇಟ್ಟ ಮುಂದಿನ ಹೆಜ್ಜೆ ಗುಂಡಿಗೆ ಬೀಳಬಹುದಿತ್ತು. ಮುಟ್ಟಿದರೆ ಮೈ ಸುಡುವ ಲೋಳೆಯಂಥ ಪ್ರಾಣಿಗಳು ಸಮುದ್ರದಲ್ಲಿ ಇರುತ್ತವಂತೆ, ಅವುಗಳಲ್ಲಿ ಒಂದು ನನ್ನನ್ನೇ ಹುಡುಕಿಕೊಂಡು ಬರಬಹುದಿತ್ತು. ಉಪ್ಪುನೀರು ಕುಡಿದು ಬಿಪಿ ಏರಬಹುದಿತ್ತು; ಏರೀತು ಎಂಬ ಗಾಬರಿಗೆ ಏರುವ ಬಿಪಿ ಬೇರೆ. ಹೆಂಡತಿಯ ತಾಳಿ ಅಲೆಗೆ ಕಳಚಿಹೋಗಿ, ಹೋದ ಬಂಗಾರಕ್ಕಿಂತ ಹೆಚ್ಚಾಗಿ ಅದರ ಅರ್ಥವೇನು ಎಂದು ನಾನು ಉಳಿದ ಆಯುಷ್ಯವಿಡೀ ಯೋಚಿಸಬೇಕಾಗಿ ಬರಬಹುದಿತ್ತು. ದಂಡೆಯಲ್ಲಿಟ್ಟ ಬಟ್ಟೆ, ಲಾಡ್ಜಿನ ಕೀಲಿ ಸಮೇತ, ನಾಯಿಯ ಪಾಲಾಗಬಹುದಿತ್ತು. ನಮ್ಮ ಬಿಲ್ಡಿಂಗಿನವರು ಯಾರಾದರೂ ಅದೇ ದಿನ ಅದೇ ಬೀಚಿಗೆ ಬಂದು ನನ್ನನ್ನು ಚಡ್ಡಿಯಲ್ಲಿ ನೋಡಬಹುದಿತ್ತು. ಇದ್ಯಾವುದೂ ಆಗದೆ, ಏನೂ ಆಗಲಿಲ್ಲವಲ್ಲ ಎಂಬ ಸಂತೋಷದಲ್ಲಿ ಮೈಮರೆತು ವಾಪಸ್ ಬರುವ ರೈಲು ತಪ್ಪಬಹುದಿತ್ತು.

ಇಷ್ಟನ್ನೂ ನಾನು ಸಮುದ್ರದ ಮುಖ ನೋಡುವ ಮೊದಲೇ ಹೈದರಾಬಾದಿನಲ್ಲಿ ಕೂತು ಯೋಚಿಸಿ ಮುಗಿಸಿದ್ದೆ. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸುಲಭಕ್ಕೆ ಸಿಗದ ಊರು ಅದು. ಸಮುದ್ರದ ಬಗ್ಗೆ ಚಿಂತಿಸುವುದಕ್ಕೆ ಅಂಥ ಊರೇ ಅನುಕೂಲ. ನಡುವೆ ನಿಜವಾದ ನೀರು ಬಂದು ಅಡ್ಡಿ ಮಾಡುವುದಿಲ್ಲ.

ಚಿಂತೆ ನನಗೆ ಬರೀ ಸ್ವಭಾವವಲ್ಲ, ಆಗ ಅದು ಉದ್ಯೋಗವೂ ಆಗಿತ್ತು. ಸಾಫ್ಟ್‌ವೇರ್ ಕಂಪನಿಗಳು ಸಾಲುಸಾಲಾಗಿ ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ. ಅಲ್ಲಿ ಹಗಲುರಾತ್ರಿ ದುಡಿಯುವ ಹುಡುಗ ಹುಡುಗಿಯರನ್ನು ಮನೆಯಿಂದ ಕರೆದೊಯ್ದು ಮನೆಗೆ ಬಿಡುವ ಕ್ಯಾಬುಗಳ ಆಫೀಸೊಂದು ಬೇಗಂಪೇಟೆಯಲ್ಲಿತ್ತು. ಅಲ್ಲಿ ಕೂತು ಡ್ರೈವರುಗಳಿಗೆ ಫೋನು ಮಾಡಿ, ಎಲ್ಲರೂ ಮುಟ್ಟಿದರೇ ಎಂದು ಕೇಳುವುದು ನನ್ನ ಕೆಲಸ. ನಮ್ಮ ರಾಯಚೂರು ಕಡೆ ಯಾರೇ ಊರಿಗೆ ಹೊರಟರೂ "ಮುಟ್ಟಿದ ಕೂಡ್ಲೆ ಫೋನ್ ಮಾಡು" ಎನ್ನದೆ ಬಾಗಿಲು ದಾಟಿಸುವುದಿಲ್ಲ. ಅದನ್ನೇ ಸಂಬಳ ಕೊಟ್ಟು ಮಾಡಿಸುವ ಜನ ನಲವತ್ತು ದಾಟಿದ ಮೇಲೆ ಸಿಕ್ಕಿದ್ದರು. ನನ್ನ ಗುಣವನ್ನು ಗುರುತಿಸಿದವರು ಅವರೊಬ್ಬರೇ.

ಮನೆ ಮಿಯಾಪುರದಲ್ಲಿ. ಮೆಟ್ರೋ ಇನ್ನೂ ಮಾತಿನಲ್ಲೂ ಬಂದಿರಲಿಲ್ಲ; ಅಪಾರ್ಟ್‌ಮೆಂಟುಗಳು ಮಾತ್ರ ಬಂದಿದ್ದವು. ನಮ್ಮದರ ಜಾಹೀರಾತಿನಲ್ಲಿ ನೀಲಿ ಈಜುಕೊಳ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಆಶ್ಚರ್ಯವೆಂದರೆ ಅದನ್ನು ನಿಜಕ್ಕೂ ಕಟ್ಟಿದರು. ಇನ್ನೂ ಆಶ್ಚರ್ಯವೆಂದರೆ ನೀರನ್ನೂ ಬಿಟ್ಟರು. ಅದರಲ್ಲಿ ಇಳಿಯುವವರು ಮಾತ್ರ ಇರಲಿಲ್ಲ. ಅಲ್ಲಿದ್ದ ಸಾಫ್ಟ್‌ವೇರ್ ದಂಪತಿಗಳಿಗೆ ನಿದ್ದೆಗೇ ಹೊತ್ತು ಸಾಲದು. ಬಾಲ್ಕನಿಯಲ್ಲಿ ನಿಂತು ಚಹ ಕುಡಿಯುತ್ತ ನಮಗೂ ಒಂದು ಕೊಳ ಇದೆ ಎಂದು ನೋಡಿಕೊಳ್ಳುವುದರಲ್ಲೇ ಅವರ ಈಜು ಮುಗಿಯುತ್ತಿತ್ತು.

ಇಳಿದವಳು ನನ್ನ ಹೆಂಡತಿ. ಬೆಳಗಿನ ಹೊತ್ತು ಹೆಂಗಸರಿಗೆ ಎಂದು ಬೋರ್ಡು ಹಾಕಿದ್ದರು. ಒಂದು ದಿನ ಹಳೆಯ ಚೂಡಿದಾರ ಹಾಕಿಕೊಂಡು ಹೋದಳು. ನಾನು ಮೇಲಿನಿಂದ ನೋಡುತ್ತಿದ್ದೆ. ಮೆಟ್ಟಿಲು ಇಳಿದು ನೀರು ತಟ್ಟಿ ನೋಡುತ್ತಾಳೆ ಎಂದುಕೊಂಡಿದ್ದರೆ, ಕಟ್ಟೆಯ ಮೇಲಿಂದ ಮೂಗು ಹಿಡಿದು ಧುಡುಮ್ಮನೆ ಹಾರಿದಳು. ನಾನು ಚಹದ ಕಪ್ಪು ಸಮೇತ ನಾಲ್ಕು ಮಹಡಿ ಇಳಿದು ಓಡಿ ಬರುವಷ್ಟರಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಂದು, ಅಂಚಿಗೆ ಮೊಣಕೈ ಊರಿ ನಿಂತಿದ್ದಳು.

"ಇದು ನಮ್ಮ ಬಾವಿಗಿಂತ ಆಳ ಕಡಿಮಿ ಐತ್ರಿ," ಅಂದಳು.

ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು. ಅವಳಿಗೆ ಈಜು ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತು. ಅವರ ಹೊಲದಲ್ಲೊಂದು ಮೆಟ್ಟಿಲ ಬಾವಿ ಇತ್ತಂತೆ. ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಅವಳಜ್ಜ ನೀರಿಗೆ ನೂಕುತ್ತಿದ್ದನಂತೆ. ಬುರುಡೆ ಬಿಚ್ಚಿ ಹಾಕಿದ ವರ್ಷ ಅಣ್ಣಂದಿರಿಗಿಂತ ಜೋರಾಗಿ ಈಜುತ್ತಿದ್ದಳು. ಅದರ ಮರುವರ್ಷ ದೊಡ್ಡವಳಾದಳು. ಮಂದಿ ನೋಡ್ತಾರ ಎಂದು ಬಾವಿ ಬಿಡಿಸಿದರು. ಅಣ್ಣಂದಿರು ಈಜುವಾಗ ಅವರ ಒಣ ಅಂಗಿ ಹಿಡಿದುಕೊಂಡು ಮೇಲೆ ಕೂತಿರುತ್ತಿದ್ದಳಂತೆ. ಇದನ್ನೆಲ್ಲ ಅವಳು ದುಃಖದಿಂದ ಹೇಳಲಿಲ್ಲ. ತಲೆ ಒರೆಸಿಕೊಳ್ಳುತ್ತ, ಅನ್ನಕ್ಕಿಡಬೇಕು ಅನ್ನುವ ಧಾಟಿಯಲ್ಲಿ ಹೇಳಿದಳು. ಆಮೇಲೆ ಅದೇ ಧಾಟಿಯಲ್ಲಿ, "ಸಮುದ್ರದಾಗ ಒಮ್ಮೆ ಈಜಬೇಕ್ರಿ. ಒಮ್ಮೆ ಸಾಕು," ಅಂದಳು.

ಅವಳು ನನ್ನಲ್ಲಿ ಹೀಗೆ ಬಾಯಿ ಬಿಟ್ಟು ಕೇಳಿದ್ದು ಕಡಿಮೆ. ಬೇಡ ಅನ್ನುವ ಧೈರ್ಯ ಬರಲಿಲ್ಲ. ಹೂಂ ಅನ್ನುವ ಧೈರ್ಯ ನನಗೆ ಮೊದಲಿಂದ ಇಲ್ಲ.

"ಹೋಗೋಣು. ನನಗೂ ಈಜು ಬರ್ಲಿ, ಆಮ್ಯಾಲೆ ಹೋಗೋಣು. ಏನಾರ ಆದ್ರ ನಿನ್ನ ಹಿಡಿಯಾಕ ಒಬ್ರು ಬೇಕಲ್ಲ," ಅಂದೆ.

ಅದು ಎಂದೂ ಆಗದ ಮಾತು ಎಂಬ ಭರವಸೆಯಲ್ಲೇ ಹೇಳಿದ್ದು. ಅವಳಿಗೂ ಅದು ತಿಳಿದಿತ್ತು. ಸಂಜೆ ಆಫೀಸಿನಿಂದ ಬಂದರೆ ಮಂಚದ ಮೇಲೆ ಹೊಸ ಈಜುಚಡ್ಡಿ ಮಡಚಿ ಇಟ್ಟಿತ್ತು.

ಗುರುಗಳು ಮೇಲಿನ ಮಹಡಿಯವರು. ಕೋಸ್ತಾ ಕಡೆಯ, ಅಂದರೆ ಆಂಧ್ರ ಕರಾವಳಿಯ ತೆಲುಗರು, ಬಂದರಿನಲ್ಲಿ ಹಡಗು ಎಳೆಯುವ ದೋಣಿ ನಡೆಸಿ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಸಮುದ್ರವಿಲ್ಲದ ಊರಿನಲ್ಲಿ ಅವರಿಗೆ ಹೇಳಿಕೊಳ್ಳಲು ಬಹಳವಿತ್ತು, ಕೇಳುವವರಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆ ನಾಲ್ಕು ಮಹಡಿಯಷ್ಟು ಬಿರುಗಾಳಿಯ ಕಥೆ ಹೇಳುತ್ತಿದ್ದರು. ನಾನು ಈಜು ಕಲಿಯಬೇಕು ಅಂದಾಗ ಅವರ ಮುಖ ನೋಡಬೇಕಿತ್ತು. ಬಡಪಾಯಿಗೆ ಕಡೆಗೂ ಒಬ್ಬ ಪ್ರಯಾಣಿಕ ಸಿಕ್ಕಿದ್ದ.

ನನ್ನ ಕಾಲುಗಳು ನೆಲ ಬಿಡಲು ಒಪ್ಪಲಿಲ್ಲ. ಮೈಯೆಲ್ಲ ತೇಲಲು ಸಿದ್ಧ, ಹೆಬ್ಬೆರಳು ಮಾತ್ರ ತಳವನ್ನು ತಡವುತ್ತಲೇ ಇತ್ತು. "ಕಂಗಾರು ಪಡಕಂಡಿ ಸಾರ್," ಗಾಬರಿ ಬೀಳಬೇಡಿ ಎಂದು ಅವರು ಕಟ್ಟೆಯಿಂದ ಕೂಗುತ್ತಿದ್ದರು. ಗಾಬರಿ ಬೀಳಬೇಡಿ ಎಂದು ಯಾರಾದರೂ ಕೂಗಿದರೆ ಕಾರಣವಿದ್ದೇ ಕೂಗುತ್ತಾರೆ ಎಂಬುದು ನನ್ನ ಅನುಭವ. ಪಕ್ಕದ ಕುರ್ಚಿಯಲ್ಲಿ ಟವೆಲು ಹಿಡಿದು ಕೂತ ಹೆಂಡತಿ, "ಉಸಿರು ಬಿಡ್ರಿ! ಉಸಿರಿಗೇನು ಟಿಕೀಟ್ ಐತೇನು, ಹಂಗ ಹಿಡ್ಕೊಂಡೀರಿ?" ಅನ್ನುತ್ತಿದ್ದಳು.

ಬೇಸಿಗೆ ಮುಗಿಯುವಷ್ಟರಲ್ಲಿ ಅಂಗಾತ ತೇಲುವುದು ಬಂತು. ಆಮೇಲೆ ಗೋಡೆಯಿಂದ ಗೋಡೆಗೆ ಹೋಗುವುದೂ ಬಂತು, ನಡುವೆ ಒಮ್ಮೆ ನಿಂತು ಬದುಕಿದ್ದೇನೆಯೇ ಎಂದು ಖಾತ್ರಿ ಮಾಡಿಕೊಂಡು. ಇನ್ನು ನೆಪ ಉಳಿಯಲಿಲ್ಲ.

ಹೊರಡುವ ವಾರ ಗುರುಗಳು ನಮ್ಮಿಬ್ಬರನ್ನೂ ಕೊಳದ ಕಟ್ಟೆಯ ಮೇಲೆ ಕೂರಿಸಿಕೊಂಡರು. ಅವರಿಗೆ ಚಿಂತೆ ಇದ್ದದ್ದು ನನ್ನದಲ್ಲ, ಅವಳದು.

"ಅಮ್ಮಾ, ಬಾವಿಯಲ್ಲಿ ಎಲ್ಲಿ ಇಳೀತಿದ್ರಿ?"

"ನೀರು ಸುಮ್ನಿದ್ದ ಕಡೆ. ಮೋಟಾರಿನ ನೀರು ಬೀಳೋ ಮೂಲಿ ಬಿಟ್ಟು."

"ಅದೇ ಪ್ರಾಬ್ಲಮ್." ಒದ್ದೆ ಬೆರಳಿನಿಂದ ಕಲ್ಲಿನ ಮೇಲೆ ಗೀಟು ಎಳೆದರು. ಹಿಂದಿ, ತೆಲುಗು, ನನ್ನ ಅರೆಬರೆ ಅನುವಾದ ಎಲ್ಲ ಸೇರಿ ಅವರು ಹೇಳಿದ್ದು ಇಷ್ಟು: ಸಮುದ್ರದಲ್ಲಿ ಅಲೆ ಬಿಳಿಯಾಗಿ ಒಡೆಯುವ ಕಡೆ ನೀರು ಒಳಗೆ ಬರುತ್ತಿರುತ್ತದೆ. ಬಂದ ನೀರು ಹೋಗಲೇಬೇಕಲ್ಲ. ಎರಡು ಬಿಳಿ ಸಾಲುಗಳ ನಡುವೆ, ಅಲೆಯೇ ಇಲ್ಲದ, ನೋಡಿದರೆ ಕೆರೆಯಂತೆ ಕಾಣುವ ಒಂದು ಓಣಿ ಇರುತ್ತದೆ. ಹೋಗುವುದು ಅಲ್ಲಿಂದ. ಬಾವಿಯಲ್ಲಿ ಕಲಿತವರು ನೇರ ಅಲ್ಲಿಗೇ ಇಳಿಯುತ್ತಾರೆ, ಅದು ಅವರನ್ನೂ ಕರೆದುಕೊಂಡು ಹೋಗುತ್ತದೆ. ಸಿಕ್ಕಿಕೊಂಡರೆ ದಂಡೆ ಕಡೆಗೆ ಗುದ್ದಾಡಬಾರದು. ತೇಲಬೇಕು, ಕೈ ಎತ್ತಿ ಕೂಗಬೇಕು, ಸಾಧ್ಯವಾದರೆ ದಂಡೆಗುಂಟ ಪಕ್ಕಕ್ಕೆ ಸರಿಯಬೇಕು. ಇಳಿಯುವ ಮೊದಲು ಸುಮ್ಮನೆ ಕೂತು ನೀರು ನೋಡಬೇಕು. ಊರವರು ಇಳಿಯುವ ಕಡೆ ಇಳಿಯಬೇಕು. ಎದೆಮಟ್ಟ ದಾಟಬಾರದು. ಕಡೆಯದಾಗಿ, ಒಣ ಮರಳಿಗೆ ಬರುವ ತನಕ ಸಮುದ್ರಕ್ಕೆ ಬೆನ್ನು ತೋರಿಸಬಾರದು.

ಈ ಕಡೆಯದು ನನ್ನನ್ನು ಕಷ್ಟಕ್ಕೆ ಹಾಕಿತು. ಯಾಕೆಂದರೆ ನಮ್ಮ ಮನೆಯಲ್ಲಿ ಇನ್ನೊಬ್ಬ ಗುರುಗಳಿದ್ದರು.

ನನ್ನವ್ವ ಸೊಸೆಯ ಈಜಿಗೆ ಬೇಡ ಅನ್ನುತ್ತಾಳೆ ಎಂದು ನಾನು ಒಳಗೊಳಗೇ ನೆಚ್ಚಿಕೊಂಡಿದ್ದೆ. ಅವ್ವ ಅನ್ನಲಿಲ್ಲ. "ಹೊಳಿ ದಾಟೂಮುಂದನ ಗಂಗವ್ವಗ ಉಡಿ ತುಂಬ್ತೀವಿ, ಇದು ಸಮುದ್ರ. ಖಾಲಿ ಕೈಲೆ ಹೋಗಬಾರ್ದು," ಎಂದಳಷ್ಟೆ. ಬೇಗಂ ಬಜಾರಿಗೆ ನನ್ನನ್ನು ಅಟ್ಟಿ ಅರಿಶಿನ ಬೇರು, ಉತ್ತತ್ತಿ, ಅಡಿಕೆ, ಹಸಿರು ಖಣ ತರಿಸಿದಳು. ಕಾಯಿಯನ್ನು ಮಾತ್ರ ಅಂಗಡಿಯವನ ಎದುರು ಅಲ್ಲಾಡಿಸಿ ನೋಡಿ ತರಬೇಕಿತ್ತು. ನಾನು ತಂದ ಮೊದಲನೆಯದು ವಾಪಸಾಯಿತು. ಎರಡನೆಯದಕ್ಕೆ ಅರಿಶಿನ ಕುಂಕುಮ ಹಚ್ಚಿ, ಖಣದಲ್ಲಿ ಸುತ್ತಿ, ನಾಲ್ಕೂ ಮೂಲೆ ಎಳೆದು ಗಂಟು ಹಾಕಿದಳು. ಅವ್ವನ ಗಂಟು ನಮ್ಮ ಮನೆತನದಲ್ಲಿ ಹೆಸರಾದದ್ದು. ಬಿಚ್ಚಲಾಗದೆ ಕತ್ತರಿ ತರುವುದೇ ರೂಢಿ.

"ನೀರಿಗೆ ಕೈ ಮುಗಿದು ಬಿಡು. ಎಲ್ಲಾ ಮುಗಿಸಿ ನೀರಾಗಿಂದ ಹೊರಗ ಬರೂಮುಂದ ಹೊಳ್ಳಿ ನೋಡಬ್ಯಾಡ. ಕೊಟ್ಟದ್ದನ್ನ ಹೊಳ್ಳಿ ನೋಡಿದ್ರ ಕೊಟ್ಟಂಗಲ್ಲ," ಅಂದಳು.

ಬೆನ್ನು ತೋರಿಸಬಾರದು, ಹೊಳ್ಳಿ ನೋಡಬಾರದು. ಎರಡನ್ನೂ ಪಾಲಿಸುವುದು ಹೇಗೆ ಎಂದು ಕೆಲವು ರಾತ್ರಿ ನಿದ್ದೆಗೆಟ್ಟು ಉಪಾಯ ಕಂಡುಕೊಂಡೆ. ಹಿಮ್ಮುಖವಾಗಿ ನಡೆದು ಬರುವುದು. ಮುಖ ಸಮುದ್ರದ ಕಡೆಗೇ ಇರುವುದರಿಂದ ಗುರುಗಳಿಗೆ ಸಮಾಧಾನ. ಮೊದಲೇ ಅತ್ತ ನೋಡುತ್ತಿದ್ದವನು ಹೊಳ್ಳಿ ನೋಡುವ ಪ್ರಶ್ನೆಯೇ ಇಲ್ಲ, ಅವ್ವನಿಗೂ ಸಮಾಧಾನ. ಕಾರಿಡಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಏನ್ ಮಾಡಾಕತ್ತೀರಿ?" ಎಂದಳು. ಹೇಳಿದೆ. "ಚಪ್ಪಲಿ ಸ್ಟ್ಯಾಂಡ್ ಐತಿ ಹಿಂದ," ಎಂದು ಒಳಗೆ ಹೋದಳು.

ಗುರುಗಳೂ ಜೊತೆಗೆ ಬರುವುದೆಂದು ಮಾತಾಗಿತ್ತು. ಹೊರಡುವ ಹಿಂದಿನ ದಿನ ಅವರ ಮೊಣಕಾಲು ಊದಿಕೊಂಡಿತು. ನಾನು ಅವರಿಗಾಗಿ ನಿಜಕ್ಕೂ ಮರುಗಿದೆ, ಪ್ರಯಾಣ ಮುಂದೂಡಬಹುದು ಎಂಬ ಆಸೆಯೂ ಅದರಲ್ಲಿತ್ತು. ಹೆಂಡತಿ ಚೀಲ ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಟಿಕೆಟ್ಟು ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಹೀಗೆ ನಾವಿಬ್ಬರೇ, ಇಬ್ಬರೂ ಹಿಂದೆಂದೂ ನೋಡದ ಒಂದು ದಂಡೆಯ ಮೇಲೆ ಬಂದು ನಿಂತೆವು. ಬೆಳಗಿನ ಹೊತ್ತು. ಸಮುದ್ರ ಜಾಹೀರಾತಿನ ಹಾಗೆ ನೀಲಿ ಇರಲಿಲ್ಲ, ಚಹದ ಬಣ್ಣಕ್ಕಿತ್ತು. ಒಂದು ಕಡೆ ಜನ ಜಾತ್ರೆಯಂತೆ ಸೇರಿದ್ದರು, ಬಹುತೇಕ ಗಂಡಸರು, ಕೇಕೆ ಹಾಕುತ್ತ ಅಲೆಗೆ ಎದೆಗೊಡುತ್ತಿದ್ದರು. ಒಂದಿಷ್ಟು ಕುಟುಂಬಗಳೂ ಇದ್ದವು. ಅವರಿಂದಾಚೆ ದಂಡೆ ಖಾಲಿ. ಅಲ್ಲಿ ಅಲೆಯ ಗದ್ದಲವಿಲ್ಲದ, ಹಾಸಿದ ಚಾಪೆಯಂಥ ನೀರು.

ಹೆಂಡತಿ ನೇರ ಅತ್ತ ಹೊರಟಳು.

"ಇಲ್ಲಿ ಛಲೋ ಐತ್ರಿ. ಮಂದಿ ಇಲ್ಲ, ನೀರೂ ಸುಮ್ನ ಐತಿ."

"ಅದಕ್ಕ ಬ್ಯಾಡ. ಅವರು ಹೇಳಿದ್ದು ಇದ ಇರಬೇಕು."

"ನಿಮಗ ಎಲ್ಲಾನೂ ಅದ ಇರ್ತೈತಿ. ಕೊಳದಾಗೂ ಸೆಳವು ಐತಿ ಅಂದಿದ್ರಿ, ಅದು ಫಿಲ್ಟರ್ ಇತ್ತು."

ಅದು ನಿಜ. ಇಪ್ಪತ್ತು ವರ್ಷ ಎಲ್ಲದಕ್ಕೂ ಹೌಹಾರಿದವನ ಮಾತಿಗೆ ಬೆಲೆ ಬರುವುದಾದರೂ ಎಲ್ಲಿಂದ? "ಮಂದಿ ಇಳಿಯೋ ಕಡೆ ಇಳಿಯೋಣು," ಅಂದೆ.

ಅವಳು ಆ ಗಂಡಸರ ಗುಂಪನ್ನೂ ತನ್ನ ಚೂಡಿದಾರವನ್ನೂ ನೋಡಿಕೊಂಡಳು. "ಮಂದಿ ನೋಡ್ತಾರಂತ ಬಾವಿ ಬಿಡಿಸಿದ್ರು," ಎಂದಳು. "ಇಲ್ಲಿ ಮಂದಿ ನೋಡೋ ಕಡೆನ ಇಳಿ ಅಂತೀರಿ. ಹಂಗಾದ್ರ ನಾ ಇಳಿಯಂಗೇ ಇಲ್ಲ ಬಿಡ್ರಿ. ನಡೀರಿ, ರೈಲಿಗೆ ಹೊತ್ತು ಆಗ್ತೈತಿ."

ರೈಲು ಸಂಜೆಗಿತ್ತು.

ಬೇಡ ಎಂದರೆ ಅವಳು ಇನ್ನೆಂದೂ ಕೇಳುವುದಿಲ್ಲ. ಹೂಂ ಎಂದರೆ ಆ ಸುಮ್ಮನಿರುವ ನೀರು. ನಾನು ಅಂಥ ಹೊತ್ತಿನಲ್ಲಿ ಮಾಡುವುದನ್ನೇ ಮಾಡಿದೆ, ಮಾತು ತಪ್ಪಿಸಿದೆ. "ಮೊದ್ಲ ಉಡಿ ಕೊಡೋಣು," ಅಂದೆ.

ಆ ಚಾಪೆಯಂಥ ನೀರಿನ ಅಂಚಿನಲ್ಲೇ, ಪಾದ ಮುಳುಗುವಷ್ಟರಲ್ಲಿ ನಿಂತು ಕೈ ಮುಗಿದೆವು. ಉತ್ತತ್ತಿ ಅಡಿಕೆಗಳನ್ನು ಬಿಟ್ಟಳು. ಆಮೇಲೆ ಖಣ ಸುತ್ತಿದ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೀರಿನ ಮೇಲಿಟ್ಟಳು. ನಮ್ಮ ಕಡೆ ಹೊಳೆಯಲ್ಲಿ ಬಿಟ್ಟ ಕಾಯಿ ಒಂದಷ್ಟು ಹೊತ್ತು ಕಾಲ ಬಳಿಯೇ ಸುಳಿದಾಡುತ್ತದೆ, ಮನೆ ಬಿಡಲೊಲ್ಲದ ಮಗಳ ಹಾಗೆ. ಇದು ಹಾಗೆ ಮಾಡಲಿಲ್ಲ. ತಡವರಿಸದೆ, ಸೀದಾ, ಆಫೀಸಿಗೆ ತಡವಾದವರ ನಡಿಗೆಯಲ್ಲಿ ಒಳಕ್ಕೆ ಹೊರಟಿತು. ಹಸಿರು ಖಣ ಸಣ್ಣದಾಯಿತು. ಚುಕ್ಕೆಯಾಯಿತು. ಅತ್ತಿತ್ತ ಅಲೆಗಳು ದಂಡೆಗೆ ಬರುತ್ತಿದ್ದರೆ ಅದೊಂದು ಮಾತ್ರ ಅಲೆ ಒಡೆಯುವ ಸಾಲಿನಾಚೆ ಹೋಗಿ ನಿಂತಿತು.

ಅವಳು ಹಣೆಗೆ ಕೈ ಅಡ್ಡ ಹಿಡಿದು ಅದನ್ನೇ ನೋಡಿದಳು.

"ಅವ್ವ ಇಲ್ಲಿ ಇದ್ದಿದ್ರ ಗಂಗವ್ವ ತೊಗೊಂಡ್ಳು ಅಂತಿದ್ರು," ಎಂದಳು ಕಡೆಗೆ. ಚೂಡಿದಾರದ ದುಪಟ್ಟಾ ಬಿಚ್ಚಿ ನನ್ನ ಕೈಗೆ ಕೊಟ್ಟು, ಜನ ಸೇರಿದ್ದ ಕಡೆಗೆ ನಡೆಯತೊಡಗಿದಳು. ಎರಡು ಹೆಜ್ಜೆ ಹೋಗಿ ತಿರುಗಿ, "ನೋಡೋರು ನೋಡ್ಲಿ. ಬರ್ರಿ," ಅಂದಳು.

ನೋಡಿದರು. ಅಲೆಗೆ ಕಿರುಚದೆ ಅಲೆಯ ಕೆಳಗೆ ತಲೆ ಹಾಕಿ ಆಚೆ ಏಳುವ ನಡುವಯಸ್ಸಿನ ಹೆಂಗಸನ್ನು ಯಾರು ನೋಡುವುದಿಲ್ಲ? ಸ್ವಲ್ಪ ಹೊತ್ತು ನೋಡಿ ತಮ್ಮ ಕೇಕೆಗೆ ಮರಳಿದರು. ಮೊದಲ ಅಲೆ ಅವಳ ಬಾಯಿಗೆ ಉಪ್ಪು ತುಂಬಿತು, ಉಗುಳಿದಳು. ಬಾವಿಯ ಈಜು ಅಲ್ಲಿ ಹೊಂದಲಿಲ್ಲ. ಕೈ ಬೀಸುವ ಹೊತ್ತಿಗೆ ನೀರೇ ಜಾಗ ಬಿಟ್ಟು ಎದ್ದಿರುತ್ತಿತ್ತು. ಆಮೇಲೆ ಅಲೆ ಏರಿದಾಗ ಸುಮ್ಮನಿದ್ದು, ಇಳಿದಾಗ ಕೈ ಬೀಸುವುದನ್ನು ಕಂಡುಕೊಂಡಳು. ಎದೆಮಟ್ಟದಲ್ಲೇ, ದಂಡೆಗುಂಟ, ಉದ್ದಕ್ಕೆ ಈಜಿದಳು. ನಾನು ಸೊಂಟಮಟ್ಟದ ನೀರಿನಲ್ಲಿ ಅವಳ ಸರಿಸಮಕ್ಕೆ ಪಕ್ಕಪಕ್ಕಕ್ಕೆ ನಡೆಯುತ್ತಿದ್ದೆ. ಅವಳನ್ನು ಹಿಡಿಯಲು ಎಂದು ಒಂದು ಬೇಸಿಗೆಯಿಡೀ ಕಲಿತ ವಿದ್ಯೆ ಅದು. ಒಮ್ಮೆ ಧೈರ್ಯ ಮಾಡಿ ಅಂಗಾತ ತೇಲಿದೆ. ಕಿವಿ ಮುಳುಗಿ ಗದ್ದಲವೆಲ್ಲ ನಿಂತುಹೋಯಿತು, ಆಕಾಶ ಒಂದೇ ಇತ್ತು, ಯಾವ ಚಿಂತೆಯೂ ನೆನಪಿಗೆ ಬರಲಿಲ್ಲ. ಅದಕ್ಕೇ ಹೆದರಿ ಎದ್ದು ನಿಂತೆ.

ಅವಳು ಸಾಕೆನ್ನುವಷ್ಟು ಈಜಿದಳು. ಸಾಕೆನ್ನುವುದನ್ನು ಅವಳೇ ಹೇಳಲಿ ಎಂದು ಕಾದೆ, ಅದೊಂದು ನಾನು ಮಾಡಿದ ಸಾಹಸ. ಹೊರಬಂದು ಒಣ ಮರಳಲ್ಲಿ ಕೂತು ಕೂದಲು ಹಿಂಡಿಕೊಳ್ಳುತ್ತ ನನ್ನ ಕಡೆ ನೋಡಿ ನಕ್ಕಳು. ಮುಂದಿನ ಹಲ್ಲಿನ ಸಂದಿ ಕಾಣುವ ಆ ನಗು ನಾನು ನೋಡದೆ ಬಹಳ ಕಾಲವಾಗಿತ್ತು.

ಆ ನಗೆಗೆ ನಾನು ಕಾರಿಡಾರಿನ ಅಭ್ಯಾಸವನ್ನೆಲ್ಲ ಮರೆತೆ. ಹಿಮ್ಮುಖ ನಡಿಗೆ ಮರೆತೆ, ಗುರುಗಳನ್ನು ಮರೆತೆ. ಅವ್ವನ ಮಾತೊಂದು ಮಾತ್ರ ಅದು ಹೇಗೋ ನೆನಪಿತ್ತು. ಸಮುದ್ರಕ್ಕೆ ಪೂರಾ ಬೆನ್ನು ಹಾಕಿ, ಹೊಳ್ಳಿ ನೋಡದೆ, ಪಾದ ಮುಳುಗುವಷ್ಟೇ ನೀರಿನಲ್ಲಿ ಅವಳ ಕಡೆಗೆ ಎದೆ ಉಬ್ಬಿಸಿ ನಡೆದು ಬಂದೆ. ಅವಳ ನಗು ನಿಂತಿತು. ಕೈ ಎತ್ತಿ ನನ್ನ ಹಿಂದೆ ಏನನ್ನೋ ತೋರಿಸಿ ಕೂಗಿದಳು. ನಾನೂ ಕೈ ಎತ್ತಿ ಬೀಸಿದೆ.

ಅಲೆ ದೊಡ್ಡದೇನಲ್ಲ. ಅದು ತಂದದ್ದು ಮಾತ್ರ ಗಟ್ಟಿ ಇತ್ತು. ಬಲಗಾಲಿನ ಗಂಟಿಗೆ ಹಿಂದಿನಿಂದ ಬಡಿದ ಏಟಿಗೆ ಕುಳಿತೇಬಿಟ್ಟೆ. ನೀರು ಹಿಂದೆ ಸರಿದ ಮೇಲೆ ಪಕ್ಕದಲ್ಲಿ, ಹಸಿರು ಖಣದೊಳಗೆ, ಅವ್ವನ ಗಂಟು ಇದ್ದ ಹಾಗೇ ಇದ್ದು, ಕಾಯಿ ಕೂತಿತ್ತು.

ಹೆಂಡತಿ ಓಡಿ ಬಂದು ಮೊದಲು ನನ್ನ ಕಾಲು ನೋಡಿದಳು, ಆಮೇಲೆ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. "ಒಡೆದಿಲ್ರಿ," ಎಂದಳು. ಕಾಲಿನದೋ ಕಾಯಿಯದೋ ಎಂದು ನಾನು ಕೇಳಲಿಲ್ಲ.

ಮುಟ್ಟಿದ ಕೂಡಲೇ ಮಾಡಬೇಕಾದ ಫೋನನ್ನು ಲಾಡ್ಜಿನಿಂದ ಮಾಡಿದೆ. ಕಾಲು ಬಕೆಟ್ಟಿನ ತಣ್ಣೀರಿನಲ್ಲಿತ್ತು.

"ಎಲ್ಲಾ ಸುಸೂತ್ರ ಆತೇನಪ್ಪಾ?" ಅಂದಳು ಅವ್ವ. "ಏನೂ ಆಗ್ಲಿಲ್ಲ ಹೌದಿಲ್ಲೊ? ಹೊಳ್ಳಿ ನೋಡ್ಲಿಲ್ಲ?"

"ಇಲ್ಲವ್ವ," ಅಂದೆ. "ನೋಡಿದ್ರ ತಪ್ಪಿಸ್ಕೊಂತಿದ್ದೆ."